ಹರವಿಯ ಪಟಿಕ, ಬಗಲಿನ ಪಟಿಕ

ಮಳೆಗಾಲದಲ್ಲಿ ತುಂಗಭದ್ರೆ ಕೆಂಪಾದರೆ ಸಿರುಗುಪ್ಪದ ನಮ್ಮ ಮನೆಯ ಹರವಿಯ ನೀರೂ ಕೆಂಪು. ಅಜ್ಜಿ ಪಟಿಕದ ಗಡ್ಡೆಯನ್ನು ನೀರಲ್ಲಿ ನಾಲ್ಕು ಸುತ್ತು ತಿರುವಿ ಮುಚ್ಚಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ರಾಡಿಯೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು. ಪಟಿಕದ ಇನ್ನೊಂದು ತುಂಡು ಬಚ್ಚಲ ಗೂಡಿನಲ್ಲಿರುತ್ತಿತ್ತು. ಭತ್ತದ ಗದ್ದೆಯಿಂದ ಬಂದವರು ಕಡ್ಲೆಹಿಟ್ಟು ಹಚ್ಚಿ ಮಿಂದು, ಆ ತುಂಡನ್ನು ಒದ್ದೆ ಮಾಡಿ ಬಗಲಿಗೆ ಸವರಿಕೊಳ್ಳುತ್ತಿದ್ದರು. "ಎರಡು ಸಲ ಆಡ್ಸು ಸಾಕು, ತಿಕ್ಬ್ಯಾಡ, ಉರಿತೈತಿ" ಎನ್ನುತ್ತಿದ್ದಳು ಅಜ್ಜಿ. ಬಳ್ಳಾರಿ ಸೀಮೆಯ ಬಿಸಿಲಿಗೆ ಆ ತುಂಡು ವರ್ಷ ಕಳೆಯುವುದರೊಳಗೆ ಬೆರಳಗಲ ಸವೆಯುತ್ತಿತ್ತು.

ಪಟಿಕದಂಥ ಮೈವಾಸನೆಯ ಮದ್ದುಗಳ ಬೆನ್ನು ಹತ್ತಿ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಲೋಕೋಪಕಾರ'. ಬರೆದವನು ಎರಡನೆಯ ಚಾವುಂಡರಾಯ, ಗೊಮ್ಮಟನನ್ನು ನಿಲ್ಲಿಸಿದವನಲ್ಲ. ಕಾಲ 1025ರ ಸುಮಾರು, ಕಲ್ಯಾಣ ಚಾಲುಕ್ಯರ ಜಯಸಿಂಹನ ಆಳ್ವಿಕೆ. ನೆಲದಡಿಯ ನೀರು ಹುಡುಕುವುದು, ಗಿಡಮರ ಬೆಳೆಸುವುದು, ಅಡುಗೆ, ದನಕರುಗಳ ಔಷಧಿ, ಇವುಗಳ ನಡುವೆಯೇ ಸುಗಂಧ ತಯಾರಿಕೆಗೂ ಅವನು ಜಾಗ ಕೊಟ್ಟಿದ್ದಾನೆ. ಬಾವಿ ಬೇಕಾದವನಿಗೆ ಮೈಯ ಪರಿಮಳವೂ ಬೇಕು ಎಂದು ಒಬ್ಬ ಕನ್ನಡಿಗ ಸಾವಿರ ವರ್ಷದ ಹಿಂದೆ ತಿಳಿದಿದ್ದ, ಅದನ್ನು ಕನ್ನಡದಲ್ಲೇ ಬರೆದ. ನನ್ನ ಪ್ರೀತಿಯೆಲ್ಲ ಅವನ ಮೇಲೆ. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಸ್ನಾನಭೋಗ, ವಿಲೇಪನಭೋಗಗಳನ್ನು ವೈಭವದಿಂದ ವರ್ಣಿಸಿತು; ಆದರೆ ಅದು ಸಂಸ್ಕೃತದಲ್ಲಿ, ಅರಸನ ಬಚ್ಚಲಿನ ಮಾತು. ನಮ್ಮ ಪಕ್ಕದ ಕುರುಗೋಡಿನ ಸಿಂದರು ಆ ಚಾಲುಕ್ಯರ ಸಾಮಂತರೇ. ಅವರ ಅರಮನೆಗೆ ಆ ಗಂಧ ತಲುಪಿದ್ದರೂ ಗದ್ದೆಯ ಆಳಿಗೆ ಅದು ದಕ್ಕುವಂಥದ್ದಲ್ಲ.

ಗಂಧ ವಾಸನೆಯನ್ನು ಮುಚ್ಚುತ್ತದೆ, ಪಟಿಕ ಅದು ಹುಟ್ಟದಂತೆ ತಡೆಯುತ್ತದೆ. ಬೆವರಿಗೆ ತನ್ನದೇ ನಾತವಿಲ್ಲ. ಕಂಕುಳಿನ ಗ್ರಂಥಿಗಳಿಂದ ಒಸರುವ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ನಾತ ಏಳುತ್ತದೆ. ಪಟಿಕ ಚರ್ಮವನ್ನು ಬಿಗಿಗೊಳಿಸಿ, ಆ ಬ್ಯಾಕ್ಟೀರಿಯಾಗಳನ್ನೂ ಹತ್ತಿಕ್ಕುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ತುವರಿ ಎಂಬ ಹೆಸರಿದೆ, ತುವರವೆಂದರೆ ಒಗರು. ನಾಲಿಗೆಗೆ ತಾಗಿಸಿದವರಿಗೆ ಆ ಹೆಸರಿನ ಅರ್ಥ ಹೇಳಬೇಕಿಲ್ಲ.

ಅಮೆರಿಕದಲ್ಲಿ 1888ರಲ್ಲಿ ಮೈವಾಸನೆ ತಡೆಯುವ 'ಮಮ್' ಎಂಬ ಮುಲಾಮು ಬಂತು, 1903ರಲ್ಲಿ ಬೆವರು ತಡೆಯುವ 'ಎವರ್‌ಡ್ರೈ'. ಎರಡನೆಯದರಲ್ಲಿ ಇದ್ದದ್ದು ಅಲ್ಯೂಮಿನಿಯಂ ಕ್ಲೋರೈಡ್. ನಮ್ಮ ಪಟಿಕವೂ ಅಲ್ಯೂಮಿನಿಯಂ ಲವಣವೇ. ಇಂದು ಬೆವರು ತಡೆಯುವ ಡಬ್ಬಿಗಳಲ್ಲಿ ಇರುವುದೂ ಆ ಲೋಹದ ಲವಣಗಳೇ. ಆ ಡಬ್ಬಿಗಳನ್ನು ದುಡ್ಡು ಕೊಟ್ಟು ತಂದು, ಬಚ್ಚಲ ಗೂಡಿನ ತುಂಡನ್ನು ಎಸೆದಿದ್ದೇವಲ್ಲ, ಹೊಟ್ಟೆ ಉರಿಯುತ್ತದೆ. ಪಟಿಕದ ಬದಲಿಗೆ ಮನೆಮದ್ದೆಂದು ನಿಂಬೆರಸ, ಅಡುಗೆ ಸೋಡಾ ಹಚ್ಚಿ ಕಂಕುಳು ಸುಟ್ಟುಕೊಂಡವರನ್ನೂ ಕಂಡಿದ್ದೇನೆ.

ಹೋದ ಬೇಸಿಗೆ ಊರಿಗೆ ಹೋದಾಗ ಗ್ರಂಥಿಗೆ ಅಂಗಡಿಯಲ್ಲಿ ಪಟಿಕ ಕೇಳಿದೆ. ಹುಡುಗ ಕಪ್ಪು ದಾರವನ್ನೂ ಜೊತೆಗಿಟ್ಟ. "ಬಾಗಿಲಿಗೆ ಕಟ್ಟಾಕಲ್ರೀ? ದೃಷ್ಟಿಗೆ?"

"ಅಲ್ಲಪ್ಪ, ಬಗಲಿಗೆ."

ಅವನಿಗೆ ತಿಳಿಯಲಿಲ್ಲ. ಲೋಟದ ನೀರಲ್ಲಿ ತುಂಡು ಅದ್ದಿ, ಅವನ ಮೊಣಕೈ ಮೇಲೆ ಎರಡು ಸಲ ಆಡಿಸಿದೆ. ಚರ್ಮ ಬಿಗಿಯಾದದ್ದನ್ನು ಬೆರಳಿಂದ ಮುಟ್ಟಿ ನೋಡಿಕೊಂಡ. ದಾರವನ್ನು ಗಲ್ಲಾದೊಳಗೆ ಹಾಕಿ, ಒಡೆದು ಉಳಿದ ಚೂರೊಂದನ್ನು ತನ್ನ ಅಂಗಿ ಜೇಬಿಗೆ ಇಳಿಸಿದ.