ಫ್ಲೈವೀಲ್ ಮನೆಯಲ್ಲೇ ಕೂರಿಸಬಹುದು, ಆದರೆ ಟಾರ್ಕ್ ವ್ರೆಂಚ್ ಇಲ್ಲದೆ ಬೇಡ

ಮಾಸೂರು, ರಟ್ಟೀಹಳ್ಳಿ ಕಡೆ ಹಳ್ಳಿಗಳಲ್ಲಿ ಓಮ್ನಿ ಇನ್ನೂ ದುಡಿಯುತ್ತಿದೆ. 1984ರಲ್ಲಿ ಬಂದ ಗಾಡಿ, 2019ರಲ್ಲಿ ತಯಾರಿಕೆ ನಿಂತಿತು. ಆದರೂ ಬೀಜದ ಚೀಲ ತರಲು, ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯಲು ಅದೇ ಬೇಕು. ಇಂಥ ಹಳೇ ಗಾಡಿಗೆ ಕ್ಲಚ್ ಪ್ಲೇಟ್ ಅಥವಾ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಿಸುವ ಕೆಲಸ ಬಂದೇ ಬರುತ್ತದೆ. ಸೀಲ್ ಬದಲಿಸಬೇಕೆಂದರೆ ಫ್ಲೈವೀಲ್ ಬಿಚ್ಚಲೇಬೇಕು. ಬಿಚ್ಚುವುದು ಸುಲಭ, ತಿರುಗಿ ಕೂರಿಸುವುದರಲ್ಲೇ ಇರೋದು ನೋಡ್ರಿ.

ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರದ ದೊಡ್ಡ ಗಾಲಿ ನೆನಪಿಸಿಕೊಳ್ಳಿ. ಒಮ್ಮೆ ವೇಗ ಹಿಡಿದರೆ ಸೊಪ್ಪೆ ಅಡ್ಡ ಬಂದರೂ ನಿಲ್ಲುವುದಿಲ್ಲ. ಫ್ಲೈವೀಲ್ ಕೆಲಸವೂ ಅದೇ. ಓಮ್ನಿಯ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ 240 ಡಿಗ್ರಿ ತಿರುಗಿದ ಮೇಲೆಯೇ ಇನ್ನೊಂದು ಹೊಡೆತ ಸಿಗೋದು. ನಡುವಿನ ಅಂತರವನ್ನು ದಾಟಿಸುವುದು ಈ ಕಬ್ಬಿಣದ ಭಾರ. 4000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ ಸುಮಾರು 67 ಸುತ್ತು ಸುತ್ತುತ್ತದೆ. ಅದನ್ನು ಕ್ರ್ಯಾಂಕಿಗೆ ಹಿಡಿದಿಟ್ಟಿರುವುದು ಬೆರಳಗಾತ್ರದ ಕೆಲವೇ ಬೋಲ್ಟ್‌ಗಳು. ಸಡಿಲಾದರೆ ಏನಾದೀತು ಅಂತ ನೀವೇ ಲೆಕ್ಕ ಹಾಕಿ.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಗಾಡಿ ಎತ್ತಿದ ಮೇಲೆ ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಕಲ್ಲು ಒಟ್ಟಿ ಕೆಳಗೆ ನುಗ್ಗಬ್ಯಾಡ್ರಿ. ಓಮ್ನಿಯಲ್ಲಿ ಗೇರ್‌ಬಾಕ್ಸ್ ಕೆಳಗಿನಿಂದ ಇಳಿಯುತ್ತದೆ. ಅದನ್ನು ಎದೆ ಮೇಲೆ ಹೊತ್ತು ಇಳಿಸುವ ಶೌರ್ಯ ಬೇಡ, ಇಬ್ಬರು ಇರಲಿ.

ಫ್ಲೈವೀಲ್ ತೆಗೆಯುವ ಮುನ್ನ ಅದಕ್ಕೂ ಕ್ರ್ಯಾಂಕಿಗೂ ಸೇರಿ ಒಂದು ಗುರುತು ಹಾಕಿ. ಹಲವು ಎಂಜಿನ್‌ಗಳಲ್ಲಿ ಟೈಮಿಂಗ್ ಗುರುತು ಫ್ಲೈವೀಲ್ ಮೇಲೇ ಇರುತ್ತದೆ. ತಪ್ಪು ತೂತಿಗೆ ಕೂತರೆ ಆ ಗುರುತು ಸುಳ್ಳು ಹೇಳುತ್ತದೆ. ಮೊಬೈಲಿನಲ್ಲಿ ಫೋಟೋ ಕೂಡ ತೆಗೆದಿಡಿ.

ಈಗ ಸ್ವಚ್ಛತೆ. ಕ್ರ್ಯಾಂಕಿನ ಮುಖ, ಫ್ಲೈವೀಲಿನ ಹಿಂಬದಿ ಎರಡನ್ನೂ ಥಿನ್ನರ್ ಹಾಕಿ ಒರೆಸಿ. ನಡುವೆ ಒಂದು ಕಣ ತುಕ್ಕು ಉಳಿದರೂ ಫ್ಲೈವೀಲ್ ಓರೆಯಾಗಿ ತಿರುಗುತ್ತದೆ, ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಕ್ಲಚ್ ಉಜ್ಜುವ ಮುಖದಲ್ಲಿ ನೀಲಿ ಕಲೆ, ಸಣ್ಣ ಬಿರುಕು ಕಂಡರೆ ಲೇತ್ ಅಂಗಡಿಯವರಿಗೆ ತೋರಿಸಿ. ಸ್ಟಾರ್ಟರ್ ಕಚ್ಚುವ ರಿಂಗ್ ಹಲ್ಲುಗಳನ್ನೂ ಒಂದು ಸುತ್ತು ನೋಡಿಬಿಡಿ.

ಬೋಲ್ಟ್ ವಿಷಯಕ್ಕೆ ಬರೋಣ. ಕೈಪಿಡಿ ಹೊಸ ಬೋಲ್ಟ್ ಹಾಕು ಅಂದರೆ ಹೊಸದೇ ಹಾಕಬೇಕು, ಯಾಕೆಂದರೆ ಕೆಲವು ಬೋಲ್ಟ್ ಒಮ್ಮೆ ಬಿಗಿದಾಗಲೇ ಉದ್ದಕ್ಕೆ ಎಳೆದುಕೊಂಡಿರುತ್ತವೆ. ಎಣ್ಣೆ ಹಚ್ಚಿದ ಬೋಲ್ಟ್ ಅದೇ ಟಾರ್ಕ್‌ಗೆ ಒಣ ಬೋಲ್ಟ್‌ಗಿಂತ ಹೆಚ್ಚು ಎಳೆದುಕೊಳ್ಳುತ್ತದೆ; ಆದ್ದರಿಂದ ಒಣದೋ, ಎಣ್ಣೆಯೋ, ಥ್ರೆಡ್ ಲಾಕರೋ ಅನ್ನೋದನ್ನೂ ಕೈಪಿಡಿಯಲ್ಲೇ ನೋಡಿ. ಕೆಲವು ಎಂಜಿನ್‌ಗಳಲ್ಲಿ ಬೋಲ್ಟ್ ತೂತು ಎಂಜಿನ್ ಒಳಗಿನ ಆಯಿಲ್‌ವರೆಗೂ ತೆರೆದಿರುತ್ತದೆ. ಅಲ್ಲಿ ಸೀಲೆಂಟ್ ಹಚ್ಚದಿದ್ದರೆ ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲದು, ಬೈಗುಳ ಮಾತ್ರ ಸೀಲಿಗೆ!

ಎಲ್ಲ ಬೋಲ್ಟ್ ಕೈಯಿಂದಲೇ ಹಿಡಿಸಿ, ಆಮೇಲೆ ಎದುರುಬದುರಾಗಿ ಎರಡು ಮೂರು ಹಂತದಲ್ಲಿ ಬಿಗಿಯಿರಿ. ಫ್ಲೈವೀಲ್ ತಿರುಗದಂತೆ ಹಲ್ಲಿಗೆ ಕಚ್ಚುವ ಲಾಕ್ ಉಪಕರಣ ಬಳಸಿ. ಸ್ಕ್ರೂಡ್ರೈವರ್ ಸಿಗಿಸಿದರೆ ಹಲ್ಲು ಮುರಿಯುತ್ತದೆ. ಟಾರ್ಕ್ ಎಷ್ಟು ಅನ್ನೋದು ನಿಮ್ಮ ಮಾಡೆಲ್‌ನ ಸರ್ವಿಸ್ ಕೈಪಿಡಿ ಹೇಳಬೇಕು, ಯೂಟ್ಯೂಬ್ ಅಲ್ಲ. ಉದಾಹರಣೆಗೆ 60 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ರಾಡಿನ ತುದಿಗೆ ಸುಮಾರು 6 ಕೆಜಿ ತೂಗುಹಾಕಿದ ಬಲ. ಅರ್ಧ ಮೀಟರ್ ರಾಡಾದರೆ 12 ಕೆಜಿ. ಪಾನಾಕ್ಕೆ ಪೈಪ್ ಸಿಗಿಸಿ ಮೈಭಾರ ಬಿಟ್ಟರೆ ಎಷ್ಟಾಗುತ್ತದೆ, ಯಾರಿಗೂ ತಿಳಿಯದು. ಟಾರ್ಕ್ ವ್ರೆಂಚ್ ಒಬ್ಬರೇ ಕೊಳ್ಳಬೇಕಂತಿಲ್ಲ, ನಾಲ್ಕೈದು ಗೆಳೆಯರು ಸೇರಿ ತಗೊಳ್ರಿ. ಅದರಿಂದ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ಇಳಿಸಿಡಿ.

ಕ್ಲಚ್ ಪ್ಲೇಟ್ ನಡುವಿಗೆ ಬರುವಂತೆ ಸೆಂಟರಿಂಗ್ ಟೂಲ್ ಹಾಕಿ ಕೂರಿಸಿ, ಆಗ ಗೇರ್‌ಬಾಕ್ಸ್ ಜಗಳವಿಲ್ಲದೆ ಸೇರುತ್ತದೆ. ಶಾಫ್ಟ್ ಮೇಲೆ ಗೇರ್‌ಬಾಕ್ಸ್ ಜೋತು ಬೀಳಲು ಬಿಡಬೇಡಿ, ಪ್ಲೇಟ್ ಬಾಗುತ್ತದೆ. ಎಲ್ಲ ಮುಗಿದ ಮೇಲೆ ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಐದು ನಿಮಿಷ ಕಿವಿಗೊಟ್ಟು ಕೇಳಿ. ಟಕ್ ಟಕ್ ಸದ್ದು ಬಂದರೆ ಕೂಡಲೇ ಆಫ್ ಮಾಡಿ, ಮತ್ತೆ ಬಿಚ್ಚಿ ನೋಡಿ. ವಾರದ ನಂತರ ಬೆಲ್ ಹೌಸಿಂಗ್ ಕೆಳಗೆ ಬೆರಳಾಡಿಸಿ, ಆಯಿಲ್ ತಾಗುತ್ತದೋ ನೋಡಿ.