ಇಲ್ಲದ ತುದಿ ತೆಗೆಯುವ ದುಂಡು ಮೂಲೆ

ಚೋರನೂರು ಸೀಮೆ ಅಂದರೆ ಸಂಡೂರಿನ ಅದಿರಿನ ನಾಡು. ಇಲ್ಲಿ ಅದಿರು ಹೊರುವ ಕನ್ವೇಯರ್‌ನ ಒಂದು ರೋಲರ್ ಬಿಚ್ಚಿ, ಒಳಗಿನ ಶಾಫ್ಟ್ ನೋಡಿ. ಬೇರಿಂಗ್ ಕೂರುವಲ್ಲಿ ಶಾಫ್ಟ್ ಸಣ್ಣದಾಗಿ ಒಂದು ಮೆಟ್ಟಿಲು ಬಂದಿದ್ದರೆ, ಅದರ ಮೂಲೆಗೆ ಬೆರಳಾಡಿಸಿ. ದುಂಡಗಿದೆ! ಚೂಪಾಗಿ ಬಿಟ್ಟರೆ ಒತ್ತಡವೆಲ್ಲ ಅಲ್ಲೇ ಗುಂಪುಗೂಡಿ ಬಿರುಕು ಹುಟ್ಟುತ್ತದೆ.

ಈ ದುಂಡನ್ನು ಸಿಎನ್‌ಸಿ ಲೇತ್‌ಗೆ ಹೇಳುವ ಬಗೆ ಕೇಳಿ. ಬೇರಿಂಗ್ ಕೂರುವಲ್ಲಿ 50 ಮಿ.ಮೀ. ವ್ಯಾಸದ ಶಾಫ್ಟ್, ತುದಿಯಿಂದ 30 ಮಿ.ಮೀ. ಒಳಗೆ ಮೆಟ್ಟಿಲು, ಮೂಲೆಗೆ 2 ಮಿ.ಮೀ. ತ್ರಿಜ್ಯ. ಟೂಲ್ ಝಡ್-28ರ ತನಕ ನೇರ ಬಂದು, ಅಲ್ಲಿಂದ ‘ಜಿ02 ಎಕ್ಸ್54. ಝಡ್-30. ಆರ್2.’ ಎಂಬ ಒಂದೇ ಸಾಲು. ಝಡ್ ಎಂದರೆ ಶಾಫ್ಟಿನ ಉದ್ದಕ್ಕೆ ಅಳತೆ; ಎಕ್ಸ್ ಎಂದರೆ ವ್ಯಾಸ, ಆದ್ದರಿಂದ 52 ಅಲ್ಲ, 54. ಆ ಒಂದು ಸಾಲಿಗೆ ಎರಡು ಮೋಟಾರುಗಳು ಕ್ಷಣಕ್ಷಣಕ್ಕೂ ವೇಗ ಹಂಚಿಕೊಂಡು, ಒಂದು ನಿಧಾನವಾದಷ್ಟೂ ಇನ್ನೊಂದು ಚುರುಕಾಗಿ, ವೃತ್ತದ ಕಾಲುಭಾಗ ಬರೆದುಬಿಡುತ್ತವೆ. ಫ್ಯಾನಕ್‌ನಂಥ ಅನೇಕ ಕಂಟ್ರೋಲ್‌ಗಳಿಗೆ ಅಷ್ಟೂ ಬೇಡ. ‘ಜಿ01 ಝಡ್-30. ಆರ್2.’ ಎಂದು ಬರೆದು ಮುಂದಿನ ಸಾಲಿನಲ್ಲಿ ಎಕ್ಸ್ ಕೊಟ್ಟರೆ ಸಾಕು, ದುಂಡು ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದನ್ನು ಅದೇ ಲೆಕ್ಕ ಹಾಕುತ್ತದೆ.

ನನ್ನ ಉಸಿರು ನಿಲ್ಲಿಸಿದ್ದು ಇದಲ್ಲ. ನಾವು ಓಡಿಸುವ ಟೂಲಿನ ತುದಿ ಇಲ್ಲವೇ ಇಲ್ಲ! ಟೂಲಿಗೆ ಕೂರಿಸಿದ ಕಡೆಯುವ ಬಿಲ್ಲೆ, ಅಂದರೆ ಇನ್ಸರ್ಟಿನ ಮೂತಿಯೇ 0.8 ಮಿ.ಮೀ. ತ್ರಿಜ್ಯದ ದುಂಡು. ಪ್ರೋಗ್ರಾಂ ನಡೆಸುವುದು ಆ ದುಂಡಿನಾಚೆ, ಬರೀ ಗಾಳಿಯಲ್ಲಿರುವ ಒಂದು ಕಾಲ್ಪನಿಕ ಬಿಂದುವನ್ನು. ನೇರ ಕಡೆಯುವಾಗ, ಮುಖ ಕಡೆಯುವಾಗ ಈ ಗುಟ್ಟು ಗೊತ್ತಾಗುವುದೇ ಇಲ್ಲ, ಅಳತೆ ಸರಿಯಾಗಿಯೇ ಬರುತ್ತದೆ. ಮೂಲೆ ಬಂತೋ, ಬಯಲು! 2 ಕೇಳಿದಲ್ಲಿ 2.8 ಬಂದು ಲೋಹ ಉಳಿಯುತ್ತದೆ, ಬೇರಿಂಗಿನ ಅಂಚು ಅದಕ್ಕೆ ತಾಗಿ ಮೆಟ್ಟಿಲಿಗೆ ಒರಗುವುದೇ ಇಲ್ಲ.

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ, 1112ರಲ್ಲಿ ಚಾಲುಕ್ಯ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿಯಲ್ಲಿ, ತಿರುಗಿಸಿ ಕಡೆದ ಕಲ್ಲುಕಂಬಗಳಿವೆ. ಬಳೆ ಬಳೆಯಾಗಿ ಇಳಿಯುವ ಅವುಗಳ ಒಳಮೂಲೆಗಳನ್ನು ಈ ಗುಟ್ಟು ತಿಳಿದ ಮೇಲೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆ ಉಳಿಗಳ ತುದಿಗೂ ದುಂಡು ಇದ್ದಿರಲೇಬೇಕಲ್ಲ!

ಲೇತಿನಲ್ಲಿ ಮೂತಿಯ ಈ ದುಂಡನ್ನು ಲೆಕ್ಕಕ್ಕೆ ಹಿಡಿಯುವ ತಿದ್ದುಪಡಿಯ ಹೆಸರು ಜಿ42. ಆಪರೇಟರ್ ಆಫ್‌ಸೆಟ್ ಪೇಜಿನಲ್ಲಿ ಮೂತಿಯ ತ್ರಿಜ್ಯ 0.8, ತುದಿಯ ದಿಕ್ಕು 3 ಎಂದು ತುಂಬುತ್ತಾನೆ. ಮೂತಿಯ ಕೇಂದ್ರ ಈಗ 1.2 ತ್ರಿಜ್ಯದ ಕಿರಿದಾರಿ ಹಿಡಿಯುತ್ತದೆ, ಉಕ್ಕಿನ ಮೇಲೆ ಮೂಡುವುದು ಡ್ರಾಯಿಂಗ್ ಕೇಳಿದ 2.