ಮಣ್ಣಿನೊಳಗಿನ ಬಿಲ್ಲಿ

ಸೂಟಿ ಬಂತೆಂದರೆ ಮಕ್ಕಳದು ದಿನಕ್ಕೊಂದು ಹಟ. ಈಗಿನದು, "ಅವ್ವಾ, ಲೋಹ ಹುಡುಕೋ ಮಶೀನು ತರಸೋಣು, ಇಂಗ್ಲಂಡಿನ್ಯಾಗ ಹೊಲದಾಗ ಹಳೇ ನಾಣ್ಯ ಹುಡುಕ್ತಾರಂತ!"

ಆ ಮಶೀನಿನ ಗುಟ್ಟು ದೊಡ್ಡದೇನಲ್ಲ. ಕೋಲಿನ ತುದಿಗೆ ತಾಟಿನಗಲದ ತಾಮ್ರದ ತಂತಿಯ ಸುರುಳಿ. ಅದರಲ್ಲಿ ವಿದ್ಯುತ್ತು ಹರಿದಾಗ ನೆಲದೊಳಗಿನ ಲೋಹ ಓಗೊಡುತ್ತದೆ, ಮಶೀನು ಕುಂಯ್ ಎನ್ನುತ್ತದೆ. ತೊಡಕೆಲ್ಲ ಕಬ್ಬಿಣದ್ದು. ನಮ್ಮ ನವಲಗುಂದ, ಕುಂದಗೋಳದ ಕಡೆಯ ಜಾತ್ರೆ ಬಯಲು ನೆನೆಯಿರಿ: ಎತ್ತಿನ ಲಾಳ, ಲಾಳದ ಮೊಳೆ, ಚಕ್ಕಡಿ ಗಾಲಿಯ ಪಟ್ಟಿ, ಮುರಿದ ಕುಡಗೋಲು, ಸೋಡಾ ಬಾಟಲಿಯ ಬಿರಡೆ. ಕಬ್ಬಿಣಕ್ಕೆ ಕೂಗಬೇಡವೆಂದು ಮಶೀನು ಹೊಂದಿಸಿಟ್ಟರೆ, ಮೊಳೆಯ ಮಗ್ಗುಲಲ್ಲಿರುವ ಬೆಳ್ಳಿ ರೂಪಾಯಿಗೂ ಅದು ಸುಮ್ಮನಿದ್ದುಬಿಡಬಹುದು. ಅದಕ್ಕೇ ಬಲ್ಲವರು ಸಣ್ಣ ಸುರುಳಿ ಹಾಕಿ, ಎರಡು ದಿಕ್ಕಿನಿಂದ ನಿಧಾನವಾಗಿ ಆಡಿಸುತ್ತಾರೆ. ಅಕ್ಕಿಯಲ್ಲಿ ಹರಳು ಆರಿಸುವಷ್ಟು ತಾಳ್ಮೆ ಬೇಕು. ನಮ್ಮ ಮಕ್ಕಳಿಗೆ ಅದೆಲ್ಲಿಯದು!

ಆದರೆ ಗೆಳತಿಯರೇ, ನಮ್ಮಲ್ಲಿ ಮಶೀನಿಲ್ಲದೆಯೂ ನಾಣ್ಯ ಕೈಗೆ ಬರುತ್ತವೆ. ಹಳೇ ಗೋಡೆ ಕೆಡವಿದಾಗ, ಎರಿ ಹೊಲಕ್ಕೆ ಮೊದಲ ಮಳೆ ಬಿದ್ದಾಗ. ಹೆಚ್ಚಿನವು ಅಜ್ಜಿಯರ ಕಾಲದವೇ. ತೂತಿನ ಬಿಲ್ಲಿ 1943ರಿಂದ 1947ರವರೆಗಿನದು. ಬ್ರಿಟಿಷರ ಹಳೇ ಬೆಳ್ಳಿ ರೂಪಾಯಿ ಒಂದು ತೊಲೆ, ಅಂದರೆ 11.66 ಗ್ರಾಂ, 1940ರಿಂದ ಅದರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಇನ್ನೂ ಹಿಂದಿನವು ಸಿಕ್ಕರೆ ಅಚ್ಚರಿಯಿಲ್ಲ. ಅಣ್ಣಿಗೇರಿಗೆ ದೂರವಲ್ಲದ ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲಕ್ಕೆ ಟಂಕಸಾಲೆ ಇತ್ತು. ಅಲ್ಲಿಯ ಲೊಕ್ಕಿಗದ್ಯಾಣ ಶಾಸನಗಳಲ್ಲಿ ಹೆಸರಾದದ್ದು.

ಇಂಥದ್ದು ಕೈಗೆ ಬಂದರೆ ನಾವು ಮಾಡುವುದೇನು? ಸೀದಾ ಹುಣಸೆಹಣ್ಣು! ನಮ್ಮ ಓಣಿಯ ಒಂದು ಮನೆಯಲ್ಲಿ ಗೋಡೆಯಿಂದ ಹಿಡಿ ತುಂಬ ತಾಮ್ರದ ನಾಣ್ಯ ಬಿದ್ದವು. ಸೊಸೆ ಹುಣಸೆಹಣ್ಣು, ಬೂದಿ ಹಚ್ಚಿ ತಂಬಿಗೆ ತಿಕ್ಕಿದಂತೆ ತಿಕ್ಕಿದಳು. ಫಳಫಳ ಹೊಳೆದವು, ಖರೆ. ಅಕ್ಷರ ಮಾತ್ರ ಒಂದೂ ಉಳಿಯಲಿಲ್ಲ. ಅತ್ತೆ, "ಹೊಳಪೇನು ಸುಡೂದೈತಿ? ಯಾರ ಕಾಲದ್ದಂತ ಇನ್ ಯಾರು ಹೇಳಬೇಕು?" ಎಂದು ಹಣೆ ಹಣೆ ಬಡಿದುಕೊಂಡರು. ನೂರಾರು ವರ್ಷಕ್ಕೆ ಕಟ್ಟಿದ ಆ ಕಂದು-ಹಸಿರು ಪದರೇ ನಾಣ್ಯಕ್ಕೆ ಹೊದಿಕೆ. ಹುಳಿ ಅದನ್ನು ತಿನ್ನುತ್ತದೆ, ಬೂದಿ ಅಕ್ಷರವನ್ನು ಸವೆಸುತ್ತದೆ. ಹಳೇ ನಾಣ್ಯ ಕೊಳ್ಳುವವರೂ ತಿಕ್ಕಿದ್ದಕ್ಕೆ ಬೆಲೆ ಇಳಿಸುತ್ತಾರೆ.

ಗಡಿಗೆಯಲ್ಲೋ ಗಂಟಿನಲ್ಲೋ ಹೂತದ್ದು ಸಿಕ್ಕರೆ ಗುಟ್ಟಾಗಿ ಅಕ್ಕಸಾಲಿಗನಲ್ಲಿಗೆ ಒಯ್ಯಬೇಡಿರಿ. ನಿಧಿಯ ಕಾಯ್ದೆ 1878ರಷ್ಟು ಹಳೆಯದು. ತಹಸೀಲ್ದಾರರ ಮುಖಾಂತರ ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಂಥ ಸಂರಕ್ಷಿತ ಜಾಗದಲ್ಲಿ ಅಪ್ಪಣೆಯಿಲ್ಲದೆ ನೆಲ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ. ಮಶೀನು ತರಿಸೋಣವೆನ್ನುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿರಿ.

ಮಣ್ಣು ಮೆತ್ತಿದ ನಾಣ್ಯವನ್ನು ಒಣ ಕಾಗದದಲ್ಲಿ ಸುತ್ತಿಡಿರಿ. ಯಾವ ಗೋಡೆ, ಯಾವ ಹೊಲ, ಎಷ್ಟು ಆಳ, ಜೊತೆಗೆ ಏನಿತ್ತು ಎಂದು ಚೀಟಿ ಬರೆದು ಅದರೊಂದಿಗೇ ಇಡಿರಿ. ನೋಡಿ ಓದಬಲ್ಲವರು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಂಥಲ್ಲಿ ಸಿಕ್ಕಾರು. ಅವರು ಮೊದಲು ಕೇಳುವುದು ಆ ಚೀಟಿಯಲ್ಲಿರುವುದನ್ನೇ.